ದೊಡ್ಡವ್ವ ಕೂಗಿದ ಹೆಸರು

ನಮ್ಮ ದೊಡ್ಡವ್ವ ದ್ಯಾವಮ್ಮನಿಗೆ ಕಿಕ್ಕೇರಿ ಸುತ್ತಲ ಹಳ್ಳಿಗಳಲ್ಲಿ ಬಾಯಿಬಡುಕಿ ಎಂಬ ಬಿರುದಿತ್ತು. ಗದ್ದೆಗೆ ನೀರು ಬಿಡುವ ಸರದಿಯಲ್ಲಿ ಯಾರಾದರೂ ಮೋಸ ಮಾಡಿದರೆ ಕಾಲುವೆಯ ಆಚೆ ದಡದವರಿಗೂ ಕೇಳುವ ಹಾಗೆ ಬೈದು ಬರುವವಳು. ಅಂಥವಳ ಬಾಯಿ ಒಂದೇ ಒಂದು ಮಾತಿಗೆ ಕಟ್ಟಿಹೋಗಿತ್ತು. ಅದು ಗಂಡನ ಹೆಸರು. ಹೇಳಿದರೆ ಗಂಡನ ಆಯಸ್ಸು ಸವೆಯುತ್ತದೆ ಎಂದು ಅವಳ ಅವ್ವ ಹೇಳಿಕೊಟ್ಟಿದ್ದಳು. ದೊಡ್ಡಪ್ಪನ ಹೆಸರು ಚಿಕ್ಕಸಿದ್ದಯ್ಯ. ಅದರಲ್ಲಿ ‘ಚಿಕ್ಕ’ ಇದೆಯೆಂದು ಚಿಕ್ಕ ಚೆಂಬನ್ನೂ ಅವಳು ಸಣ್ಣ ಚೆಂಬು ಅನ್ನುತ್ತಿದ್ದಳು. ಈಗಿನ ಹುಡುಗಿಯರು ಕೇಳಿದರೆ ನಗುತ್ತಾರೆ. ನಗಲಿ ಬಿಡಿ, ಅವರಿಗೇನು ಗೊತ್ತು.

ಚೀನಾ ಯುದ್ಧದ ಮರುವರ್ಷ ಅವಳ ಒಬ್ಬನೇ ಮಗ ಮರಿಸ್ವಾಮಿ ಮಿಲಿಟರಿ ಸೇರಿದ. ತರಬೇತಿ ಮುಗಿದು ಹುಡುಗರು ಬಾವುಟದ ಮುಂದೆ ಪ್ರಮಾಣ ಮಾಡುವ ದಿನ ತಂದೆತಾಯಿ ಬಂದು ನೋಡಬಹುದೆಂದು ಬೆಂಗಳೂರಿನಿಂದ ಕಾರ್ಡು ಬಂತು. ಮನೆಯಲ್ಲಿ ಹಬ್ಬವೋ ಹಬ್ಬ. ಆದರೆ ಅದೇ ವಾರ ನಮ್ಮ ಕಬ್ಬು ಅರೆಯಲು ಆಲೆಮನೆಯ ಸರದಿ ಬಂದುಬಿಟ್ಟಿತು. ಸರದಿ ತಪ್ಪಿದರೆ ಕಡಿದ ಕಬ್ಬು ಒಣಗಿ ಕಡ್ಡಿಯಾಗುತ್ತದೆ. ಬೆಲ್ಲದ ಪಾಕದ ಹದ ದೊಡ್ಡಪ್ಪನಿಗಲ್ಲದೆ ಬೇರೆಯವರಿಗೆ ತಿಳಿಯದು, ಗಾಣದ ಎತ್ತು ಹೊಡೆಯುವವನು ನಮ್ಮಪ್ಪ.

“ನೀನೇ ಓಗ್ಬುಟ್ ಬಾ ಅಮ್ಮಿ. ತಿಮ್ಮಮ್ಮನ್ನ ಜೊತ್ಗೆ ಕರ್ಕೊಂಡೋಗು,” ಎಂದ ದೊಡ್ಡಪ್ಪ. ತಿಮ್ಮಮ್ಮ ನಮ್ಮವ್ವ, ದೊಡ್ಡವ್ವನ ವಾರಗಿತ್ತಿ.

ಇಬ್ಬರೂ ಬಸ್ಸು ಹತ್ತಿ ಕೆ.ಆರ್. ಪೇಟೆ ದಾಟಿ, ಪಾಂಡವಪುರ ಸ್ಟೇಷನ್ನಿನಲ್ಲಿ ರೈಲು ಹಿಡಿದರು. ಮಗನಿಗೆಂದು ಕಟ್ಟಿಕೊಂಡಿದ್ದ ಚಕ್ಕುಲಿಯನ್ನು ದೊಡ್ಡವ್ವ ಎದುರು ಕೂತವರಿಗೆಲ್ಲ “ನನ್ ಮಗ ಮಿಲಿಟ್ರಿ ಕಣ್ರಪ್ಪಾ” ಎಂದು ಹಂಚುತ್ತಾ ಹೋದಳು. ಬೆಂಗಳೂರು ಬರುವ ಹೊತ್ತಿಗೆ ಗಂಟು ಅರ್ಧ ಇಳಿದಿತ್ತು.

ಮಾರನೇ ಬೆಳಿಗ್ಗೆ ಹಲಸೂರು ಕೆರೆಯ ಕಡೆ ಇದ್ದ ಪಲ್ಟಣದ ಗೇಟಿಗೆ ಹೋದರು. ಕಾವಲಿನವನು ಕಾರ್ಡು ಕೇಳಿದ. ಆಗ ಇಬ್ಬರಿಗೂ ನೆನಪಾಯಿತು. ಬಂದವರಿಗೆಲ್ಲ ತೋರಿಸಲೆಂದು ದೊಡ್ಡಪ್ಪ ಅದನ್ನು ಆಲೆಮನೆಯ ಕಂಬಕ್ಕೆ ಸಿಕ್ಕಿಸಿದ್ದ. ಅದು ಅಲ್ಲೇ ಉಳಿದಿತ್ತು.

ಕಾವಲಿನವನು ಒಳ್ಳೆಯವನೇ. “ಪರವಾಗಿಲ್ಲಮ್ಮ. ಹುಡುಗನ ಹೆಸರು, ಅವರಪ್ಪನ ಹೆಸರು ಹೇಳಿ. ಎರಡೂ ಸರಿಯಿದ್ದರೆ ಬಿಡ್ತೀನಿ,” ಎಂದ.

“ಮರಿಸ್ವಾಮಿ,” ಎಂದಳು ದೊಡ್ಡವ್ವ.

“ಅಪ್ಪನ ಹೆಸರು?”

ದೊಡ್ಡವ್ವ ನಮ್ಮವ್ವನ ಮುಖ ನೋಡಿದಳು. ನಮ್ಮವ್ವನಿಗೆ ದೊಡ್ಡಪ್ಪ ಸ್ವಂತ ಭಾವ. ಭಾವನ ಹೆಸರನ್ನು ಅವಳಾದರೂ ಹೇಳುವುದುಂಟೆ?

“ನಮ್ ಯಜಮಾನ್ರ ಅಣ್ಣ ಕಣಪ್ಪ,” ಎಂದಳು ನಮ್ಮವ್ವ.

“ಅವರ ಹೆಸರೇನಮ್ಮ?”

“ಕಿಕ್ಕೇರೀಲಿ ಯಾರ್ನ ಬೇಕಾದ್ರೂ ಕೇಳು, ಏಳ್ತಾರೆ.”

ಅವನಿಗೆ ನಗು ಬಂತು. “ನಮ್ಮಮ್ಮನೂ ಹೀಗೇ. ಆದರೆ ಸುಮ್ಮನೆ ಬಿಟ್ಟರೆ ನನ್ನ ಕೆಲಸಕ್ಕೆ ಸಂಚಕಾರ,” ಎಂದ.

ಅಷ್ಟರಲ್ಲಿ ಒಳಗೆ ಬ್ಯಾಂಡು ಶುರುವಾಯಿತು. ನೂರಾರು ಬೂಟುಗಳು ಒಟ್ಟಿಗೆ ನೆಲಕ್ಕೆ ಬಡಿಯುವ ಸದ್ದು. ಅದರಲ್ಲಿ ಎರಡು ಬೂಟು ಮರಿಸ್ವಾಮಿಯವು. ದೊಡ್ಡವ್ವ ಗೇಟಿನ ಸರಳು ಹಿಡಿದು ಇಣುಕಿದಳು, ಏನೂ ಕಾಣಲಿಲ್ಲ. ಈ ಕಡೆ ಮಗ. ಆ ಕಡೆ ಊರಿನಲ್ಲಿ ಗಂಡ, ಅದೂ ಬೆಲ್ಲದ ಪಾಕ ಕುದಿಯುವ ಕೊಪ್ಪರಿಗೆಯ ಅಂಚಿನಲ್ಲೇ ನಿಂತಿರುವ ಗಂಡ. ಹೆಸರು ಬಾಯಿಂದ ಬಿದ್ದ ಗಳಿಗೆಯಲ್ಲೇ ಕಾಲು ಜಾರಿದರೆ? ನೆನೆಸಿಕೊಂಡರೆ ಇವತ್ತಿಗೂ ನನಗೆ ಅವಳ ಮೇಲೆ ಅಯ್ಯೋ ಅನ್ನಿಸುತ್ತದೆ.

ಕೊನೆಗೆ ತಾಳಿಯನ್ನು ಕಣ್ಣಿಗೊತ್ತಿಕೊಂಡಳು. ಗಲ್ಲ ಗಲ್ಲ ಬಡಿದುಕೊಂಡಳು. “ತಪ್ಪಾಯ್ತು ಕಣಪ್ಪಾ ಚುಂಚನಗಿರಿ ಭೈರವ, ಅವ್ರ್ನ ನೀನೇ ಕಾಪಾಡು,” ಎಂದಳು. ಆಮೇಲೆ ಮೆಲ್ಲಗೆ ಹೇಳಿದ್ದರೂ ಸಾಕಿತ್ತು. ಆದರೆ ನೀರಿನ ಜಗಳದಲ್ಲಿ ಪಳಗಿದ ಬಾಯಿ ಅದು.

“ಚಿಕ್ಕಸಿದ್ದಯ್ಯಾ!”

ರಸ್ತೆಯಲ್ಲಿ ಹೋಗುತ್ತಿದ್ದ ಜಟಕಾದವನು ಲಗಾಮು ಎಳೆದು ತಿರುಗಿ ನೋಡಿದನಂತೆ. ಕಾವಲಿನವನು ಪುಸ್ತಕ ನೋಡಿ ಗೇಟು ತೆಗೆದ. ಇಬ್ಬರೂ ಸೀರೆ ಎತ್ತಿಕಟ್ಟಿ ಓಡಿದರು.

ಮೈದಾನದಲ್ಲಿ ಎಲ್ಲರಿಗೂ ಒಂದೇ ಬಟ್ಟೆ, ಒಂದೇ ಕ್ರಾಪು, ಒಂದೇ ನಡಿಗೆ. “ಅವ್ನೇ ಕಣೇ ತಿಮ್ಮಿ, ಅವ್ನೇ!” ಎಂದು ಬೇರೆಯವರ ಮಕ್ಕಳು ಮೂವರಿಗೆ ದೃಷ್ಟಿ ತೆಗೆದು ನೆಟಿಕೆ ಮುರಿದ ಮೇಲೆ ನಿಜವಾದ ಮರಿಸ್ವಾಮಿ ಸಿಕ್ಕಿದ. ಬಲಗೈ ಚಾಚಿ ಪ್ರಮಾಣ ಮಾಡುತ್ತಿದ್ದ ಅವನ ಗಲ್ಲ ಬಿಗಿದಿತ್ತು. ಅವನು ಎದೆಯುಬ್ಬಿಸಿ ನಿಂತದ್ದನ್ನು ನೋಡಿ ದೊಡ್ಡವ್ವನಿಗೆ ಕುಣಿಯುವಷ್ಟು ಸಂತೋಷವಾಯಿತು, ಅಳುವೂ ಬಂತು. ಎಲ್ಲ ಮುಗಿದು ಅವನು ಎದುರು ಬಂದು ಸೆಲ್ಯೂಟ್ ಹೊಡೆದಾಗ ಇವಳೂ ಎಡಗೈಯಲ್ಲಿ ಒಂದು ಹೊಡೆದಳು.

ಇನ್ನೊಂದು ದಿನ ಇದ್ದು ಹೋಗವ್ವ ಎಂದು ಮಗ ಎಷ್ಟು ಕೇಳಿಕೊಂಡರೂ ನಿಲ್ಲಲಿಲ್ಲ. ಅವಳ ಜೀವವೆಲ್ಲ ಕೊಪ್ಪರಿಗೆಯ ಹತ್ತಿರ ಇತ್ತು. ಊರಿನಲ್ಲಿ ಬಸ್ಸಿಳಿದವಳು ಮನೆಗೂ ಹೋಗದೆ ನೇರ ಆಲೆಮನೆಗೆ ನಡೆದಳು.

ದೊಡ್ಡಪ್ಪ ಹೊಗೆಯ ನಡುವೆ ನಿಂತು ಪಾಕ ತಿರುವುತ್ತಿದ್ದ. ಅವನನ್ನು ಕಂಡವಳೇ ದೊಡ್ಡವ್ವ ಕುಸಿದು ಕೂತು ಗೊಳೋ ಎಂದು ಅತ್ತಳು.

“ಯಾಕಮ್ಮಿ, ಹುಡ್ಗ ಚೆಂದಾಗವ್ನಾ?”

“ಅವ್ನು ಚೆಂದಾಗವ್ನೆ. ನೀವು ಚೆಂದಾಗಿದ್ದೀರಾ?”

ನಮ್ಮವ್ವನೇ ಬಾಯಿಬಿಟ್ಟಳು. “ಭಾವ, ಗೇಟ್‌ನಲ್ಲಿ ಅಕ್ಕ ನಿಮ್ಮೆಸ್ರ ಕೂಗ್ಬುಟ್ಲು. ಕೂಗ್ದಿದ್ರೆ ಒಳೀಕೆ ಬುಡ್ತಿರ್ನಿಲ್ಲ.”

ದೊಡ್ಡಪ್ಪನ ಕೈ ನಿಂತಿತು. ನಮ್ಮಪ್ಪ ಗಾಣದ ಎತ್ತು ನಿಲ್ಲಿಸಿದ. ಇನ್ನೇನು ಬೈಗುಳ ಬಂತು ಎಂದು ಎಲ್ಲರೂ ಕಾದರು.

“ಜೋರಾಗಿ ಕೂಗ್ದ್ಯಾ?” ಎಂದು ಕೇಳಿದ ದೊಡ್ಡಪ್ಪ.

“ಊಂ.”

“ಮದ್ವೆ ದಿನ ನಮ್ಮಕ್ಕ ಬಾಗ್ಲಿಗೆ ಅಡ್ಡ ನಿಂತು ಎಸ್ರು ಕೇಳ್ದಾಗ ಸೆರಗ್ನೊಳ್ಗೇ ಗೊಣಗ್ಬುಟ್ಟೆ. ನಂಗೆ ಕೇಳುಸ್ನೇ ಇಲ್ಲ. ಆ ಗೇಟ್‌ನೋನ್ಗೆ ಕೇಳುಸ್ದಂಗೆ ನಂಗೂ ಒಂದ್ಸಲ ಕೂಗಮ್ಮಿ.”

“ಥೂ, ಪಾಕ ಸೀಯ್ತದೆ, ನೋಡ್ಕಳಿ ಮೊದ್ಲು,” ಎಂದು ದೊಡ್ಡವ್ವ ಬಾಯಿಗೆ ಸೆರಗು ಒತ್ತಿಕೊಂಡು ಕಬ್ಬಿನ ಸಿಪ್ಪೆಯ ರಾಶಿಯ ಹಿಂದಕ್ಕೆ ಓಡಿದಳು. ಅಲ್ಲಿ ನಿಂತು ಕೂಗಿದಳು.