ಕೆರೆ ಏರಿಯ ಮೇಲೆ ಓಟ

ಕುಬಟೂರಿನ ಸಣ್ಣಪ್ಪ ತೀರಿಕೊಳ್ಳುವ ಹಿಂದಿನ ದಿನವೂ ಮೊಮ್ಮಗಳು ಧನಲಕ್ಷ್ಮಿಯ ಜೊತೆ ನಡೆದುಹೋಗಿ ಡೇರಿಗೆ ಹಾಲು ಹಾಕಿಬಂದ. ಬರುವಾಗ ಕೆರೆ ಏರಿಯ ಮೇಲೆ ಇಬ್ಬರಿಗೂ ಓಟ.

"ಅಜ್ಜ ಸೋತ!" ಎಂದು ಕೂಗುತ್ತ ಧನು ಒಳಗೆ ಬಂದಳು.

"ಮುದಿ ಎತ್ತಿನ ಜೊತೆ ಗೆದ್ದು ಏನ್ ಬಂತೇ?" ಎಂದ ಸಣ್ಣಪ್ಪ. ರೊಟ್ಟಿ ತಟ್ಟುತ್ತಿದ್ದ ಅವನ ಹೆಂಡತಿ ಮಾಸ್ತಮ್ಮ ನಕ್ಕಳು.

ಮರುದಿನ ಅವನು ಏಳಲಿಲ್ಲ.

ಮಾತಾಡಿಸಲು ಬಂದವರೆಲ್ಲ ಮಗುವಿನ ಕೈಗೆ ಬಿಸ್ಕತ್ತು ಇಟ್ಟರು. ತಿಥಿ ಮುಗಿಯಿತು. ಮಗನೂ ಸೊಸೆ ಕರುಣಾಳೂ ಶಿರಾಳಕೊಪ್ಪದ ಬಟ್ಟೆ ಅಂಗಡಿ ಕೆಲಸಕ್ಕೆ ಬಸ್ಸು ಹತ್ತಿದರು. ಹಾಲನ್ನೂ ಧನುವನ್ನೂ ಪಕ್ಕದ ಮನೆ ಕೆಂಪಪ್ಪ ಬೈಕಿನಲ್ಲಿ ಡೇರಿಗೆ ಒಯ್ಯತೊಡಗಿದ.

ಸಂಜೆಯಾದರೆ ಖಾಲಿ ಮನೆ ಮಾಸ್ತಮ್ಮನನ್ನು ಹೆದರಿಸುತ್ತಿತ್ತು. ಚಿಪ್ಸ್ ಪೊಟ್ಟಣ ಒಡೆದರೆ ಮಗು ಟೀವಿ ಮುಂದೆ ಮಾಸ್ತಮ್ಮನ ಮಗ್ಗುಲಲ್ಲೇ ಕೂರುತ್ತಿತ್ತು. ಮುಗಿದರೆ ಆಡಲು ಎದ್ದು ಹೋಗುತ್ತಿತ್ತು. ಅದಕ್ಕೆ ಅವಳು ಇನ್ನೊಂದು ಒಡೆಯುತ್ತಿದ್ದಳು.

ಕೆಲವು ತಿಂಗಳ ಮೇಲೆ ಆಶಾ ಕಾರ್ಯಕರ್ತೆ ರಮಾಬಾಯಿ ಮಗುವಿನ ತೂಕ ನೋಡಿದಳು. "ಮಾಸ್ತಮ್ಮಾರೇ, ವಯಸ್ಸಿಗೆ ಮೀರಿ ತೂಕ ಆಗೈತ್ರೀ. ಪೊಟ್ಟಣ, ಬಾಟ್ಲಿ ಜ್ಯೂಸು ಬಿಡಿಸ್ರಿ. ಓಡಾಡ್ಲಿ. ಹಿಂಗೇ ಬಿಟ್ರೆ ಚಿಕ್ಕ ವಯಸ್ಸಿಗೇ ಸಕ್ಕರೆ ಕಾಯಿಲೆ ಬರ್ಬೋದು."

"ಮೈ ತುಂಬಿದ ಕೂಸು ಕಂಡ್ರೆ ನಿಮ್ ಕಣ್ಣು ಉರಿಯುತ್ತೇನ್ರೀ?"

ರಮಾಬಾಯಿ ಅತ್ತ ಹೋದಳು, ಇತ್ತ ಮಾಸ್ತಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲ. ಭಾರಿ ದೃಷ್ಟಿ ಎಂದುಕೊಂಡಳು. ಮಗುವಿಗೆ ಕ್ರೀಮ್ ಬಿಸ್ಕತ್ತು ಕೊಟ್ಟಳು.

ಒಂದು ದಿನ ಕೆಂಪಪ್ಪನ ಬೈಕು ಕೆಟ್ಟಿತು. ಹಾಲು ಒಡೆದೀತೆಂದು ಮಾಸ್ತಮ್ಮನೇ ಕ್ಯಾನು ಹಿಡಿದು ಹೊರಟಳು. ಧನುವೂ ಬಂದಳು. ಏರಿಯ ಅರ್ಧಕ್ಕೇ ಮಗು ಏದುಸಿರು ಬಿಡುತ್ತ ಕೂತುಬಿಟ್ಟಿತು.

"ಇವತ್ತು ಅಜ್ಜ ಇದ್ದಿದ್ರೆ ಅವನೇ ಗೆಲ್ತಿದ್ದ, ಅಲ್ವೇನಜ್ಜಿ?"

ಮಾಸ್ತಮ್ಮ ಕ್ಯಾನು ಕೆಳಗಿಟ್ಟಳು. ಒಬ್ಬಳೇ ಕೂರಲಾರದೆ ಮಗುವನ್ನು ಕಟ್ಟಿಹಾಕಿದ್ದು ತಾನೇ. ಯಾರ ಕಣ್ಣೂ ಬಿದ್ದಿರಲಿಲ್ಲ.

ಬೈಕು ರಿಪೇರಿಯಾಗಿ ಬಂತು. "ಕ್ಯಾನು ಕೊಡು ದೊಡ್ಡಮ್ಮ," ಎಂದ ಕೆಂಪಪ್ಪ.

"ಬ್ಯಾಡ ಹೋಗೋ. ನಿನ್ ಹೊಟ್ಟೆನೂ ಬಂದೈತಿ, ನೀನೂ ನಡಿ."

ಪೊಟ್ಟಣ ನಿಂತಿತು. ಅತ್ತೆ ಹೇಳಿದ್ದಕ್ಕೆ ಕರುಣಾ ಶಿರಾಳಕೊಪ್ಪದಿಂದ ಬೇಕರಿ ತಿಂಡಿ ತರುವುದನ್ನು ಬಿಟ್ಟಳು. ಕೆಲವು ದಿನ ಧನು ಅತ್ತಳು, ಆಮೇಲೆ ಬೀದಿಗೆ ಆಡಲು ಹೋದಳು. ಈಗ ಸಂಜೆ ಹೊಸ್ತಿಲಲ್ಲಿ ಮಾಸ್ತಮ್ಮ ಒಬ್ಬಳೇ.

ಬೆಳಿಗ್ಗೆ ಎಮ್ಮೆ ಕರೆಯುತ್ತಾಳೆ. ಕ್ಯಾನು ತುಂಬಿಸಿ ಧನುವನ್ನು ಎಬ್ಬಿಸುತ್ತಾಳೆ. ಏರಿ ಸಿಕ್ಕೊಡನೆ ಮಗು ಕೈ ಬಿಡಿಸಿಕೊಂಡು ಓಡುತ್ತದೆ. ಅವಳು ಹಾಲು ತುಳುಕದ ಹಾಗೆ ಹಿಂದೆ ನಡೆಯುತ್ತಾಳೆ.