ಬಾಗಿಲಿಲ್ಲದ ಕಪಾಟು

ಮನೆಯ ಹೊರಗೆ ಚಪ್ಪಲಿ ಬಿಡಕೂಡದೆಂದು ಅಲ್ ನಹ್ದಾದ ನಮ್ಮ ಕಟ್ಟಡದ ಲಿಫ್ಟಿನಲ್ಲಿ ನೋಟಿಸು ಬಂತು. ಸ್ವಚ್ಛತೆಗಾಗಿಯಂತೆ. ಆದರೆ ಅಂಟಿಸಲು ಬಂದವನು ಪ್ರತಿ ಬಾಗಿಲ ಮುಂದೆ ನಿಂತು ಚಪ್ಪಲಿಗಳ ಫೋಟೋ ಹೊಡೆದುಕೊಂಡ. ಸ್ವಚ್ಛತೆಗೆ ಫೋಟೋ ಏಕೆ? ನಿವೃತ್ತನಾಗಿ ಮಗಳ ಮನೆಗೆ ಬರುವವರೆಗೆ ಅಬುಧಾಬಿಯಲ್ಲಿ ಕಾರ್ಮಿಕರ ಕ್ಯಾಂಪು ನೋಡಿಕೊಂಡವನು ನಾನು. ಕೋಣೆಯಲ್ಲಿ ಪಟ್ಟಿಯಲ್ಲಿ ಹೆಸರಿಲ್ಲದವರು ಮಲಗಿದ್ದರೆ ಬಾಗಿಲು ತಟ್ಟದೆಯೇ ನನಗೆ ತಿಳಿಯುತ್ತಿತ್ತು. ಹೊರಗಿನ ಚಪ್ಪಲಿ ನೋಡಿದರೆ ಸಾಕಿತ್ತು.

ನಮ್ಮಲ್ಲೂ ಅಂಥವಳೊಬ್ಬಳಿದ್ದಳು. ಮಗಳು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಇರುವ ಉಡುಪಿ ಕಡೆಯ ನರ್ಸು. ಅವಳಿದ್ದ ಹಳೆಯ ಕಟ್ಟಡವನ್ನು ದುರಸ್ತಿಗೆಂದು ಖಾಲಿ ಮಾಡಿಸಿದ್ದರು. ಅಂದಿನಿಂದ ಮೊಮ್ಮಗಳ ಕೋಣೆಯಲ್ಲೇ ಅವಳ ವಾಸ. ಬಾಡಿಗೆ ಮನೆಯಲ್ಲಿರುವವರೆಲ್ಲರ ಹೆಸರೂ ಸರ್ಕಾರಿ ದಾಖಲೆಯಲ್ಲಿರಬೇಕು, ಅವಳದನ್ನೂ ಸೇರಿಸಿಬಿಡೋಣ ಎಂದು ಮಗಳು ಹೇಳುತ್ತಲೇ ಇದ್ದಳು. ಕೇಳಿದರೆ ತಾನೇ ಮಾಲೀಕ ಬೇಡವೆನ್ನುವುದು ಎಂದು ನಾನು ತಡೆದಿದ್ದೆ. ಈಗ ಅವಳ ಬಿಳಿ ಶೂಗಳನ್ನು ಹಜಾರದ ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಮೊಮ್ಮಗಳು ಕಾಲೇಜಿಗಾಗಿ ರಟ್ಟಿನ ಮನೆ ಮಾಡುತ್ತಿದ್ದಳು. 1930ರ ದಶಕದ ದೊಡ್ಡ ಆರ್ಥಿಕ ಕುಸಿತದ ಕಾಲದಲ್ಲಿ ಅಮೆರಿಕದ ಒಂದು ನಗರದಲ್ಲಿ ಸರ್ಕಾರ ಕಟ್ಟಿಸಿದ ಬಾಡಿಗೆ ಮನೆಗಳ ಮಾದರಿ ಅದು. ಕೊಳೆಗೇರಿ ಕೆಡವಿ ಕಟ್ಟಿದರೂ ಕೊಳೆಗೇರಿಯವರಲ್ಲಿ ಹೆಚ್ಚಿನವರಿಗೆ ಮನೆ ಸಿಗಲಿಲ್ಲವಂತೆ. ಅರ್ಜಿ ಹಾಕಿದವರ ಅಡಿಗೆಮನೆಗೆ ಅಧಿಕಾರಿಣಿಯೊಬ್ಬಳು ಬಂದು ನೋಡುತ್ತಿದ್ದಳಂತೆ. ಹೊರಗಿನವರನ್ನು ಇಟ್ಟುಕೊಳ್ಳುವಂತಿರಲಿಲ್ಲವಂತೆ. ನಾನು ಬಗ್ಗಿ ಒಳಗೆ ನೋಡಿದೆ. ಮಲಗುವ ಕೋಣೆಯ ಕಪಾಟಿಗೆ ಬಾಗಿಲೇ ಇರಲಿಲ್ಲ.

"ಬಾಗಿಲು ಮರೆತಿದ್ದಿ," ಎಂದೆ.

"ನೋ ಅಜ್ಜ, ಅಲ್ಲಿ ಇರಲೇ ಇಲ್ಲ. ಕಾಸ್ಟ್ ಕಟಿಂಗ್."

"ಎಂಥ ಕಾಸ್ಟು? ಒಳಗೆ ಎಂತ ಉಂಟೂಂತ ನೋಡ್ಲಿಕ್ಕೆ ತೆಗೆದದ್ದು."

"ನೀವು ಎಲ್ಲರನ್ನೂ ಡೌಟ್ ಮಾಡ್ತೀರಿ," ಎಂದು ಅವಳು ಅಂಟು ಹಚ್ಚುವುದರಲ್ಲಿ ಮುಳುಗಿದಳು.

ಮರುದಿನ ನಾನೊಬ್ಬನೇ ಇದ್ದಾಗ ಕಟ್ಟಡದ ಆಫೀಸಿನಿಂದ ಏಸಿ ರಿಪೇರಿಯವನು ಬಂದ. ಮೇಲಿನ ಮನೆಯ ಏಸಿ ನೀರು ಸೋರುತ್ತಿದೆ, ಪೈಪು ನಿಮ್ಮ ಕಪಾಟಿನ ಹಿಂದಿದೆ, ತೆರೆಯಿರಿ ಎಂದ. ಸರಿಯಾಗಿ ಅದೇ ಕಪಾಟು! ಕೀಲಿ ಕಳೆದಿದೆ ಎಂದು ಹೇಳಿ ಕಳುಹಿಸಿದೆ.

ಸಂಜೆ ಮಗಳಿಗೆ ಆಫೀಸಿನಿಂದ ಫೋನು ಬಂತು. ಕೆಲಸದವನನ್ನು ತಡೆದದ್ದೇಕೆ, ಮನೆಯೊಳಗೆ ಪಾರ್ಟಿಶನ್ ಹಾಕಿ ಬಾಡಿಗೆಗೆ ಕೊಟ್ಟಿದ್ದೀರೋ, ನಾಳೆ ತಪಾಸಣೆಗೆ ಬರುತ್ತೇವೆ ಎಂದರಂತೆ.

"ಅಪ್ಪ, ಪೈಪ್ ನೋಡ್ಲಿಕ್ಕೆ ಬಂದವನಿಗೆ ಎಂತ ಹೇಳಿದ್ದು ನೀವು?" ಎಂದಳು ಮಗಳು. ಅಷ್ಟರಲ್ಲಿ ನರ್ಸು ತನ್ನ ಪೆಟ್ಟಿಗೆಯನ್ನು ಮಂಚದ ಕೆಳಗಿನಿಂದ ಎಳೆದಳು. ಶಾರ್ಜಾದಲ್ಲಿ ಯಾರದೋ ಕೋಣೆಯಲ್ಲಿ ಒಂದು ಮಂಚದಷ್ಟು ಬಾಡಿಗೆ ಜಾಗ, ಬೆಡ್ ಸ್ಪೇಸ್, ಸಿಗಬಹುದು ಎಂದಳು. ಆಮೇಲೆ ಮೆಲ್ಲನೆ ಸೇರಿಸಿದಳು: "ಅಂಕಲ್, ನನ್ನ ಶೂ ಕೊಡಿ. ಬೆಳಿಗ್ಗೆ ಡ್ಯೂಟಿ ಉಂಟು."

ಕ್ಯಾಂಪಿನಲ್ಲಿ ಚಪ್ಪಲಿಯನ್ನು ಹಾಸಿಗೆಯ ಕೆಳಗೆ ಬಚ್ಚಿಟ್ಟವರೇ ಮೊದಲು ಸಿಕ್ಕಿಬೀಳುತ್ತಿದ್ದರು; ಬಚ್ಚಿಟ್ಟದ್ದೇ ಸಂಶಯ ತರುತ್ತಿತ್ತು. ಅದು ನನಗೆ ನೆನಪಿರಬೇಕಿತ್ತು. ಪೆಟ್ಟಿಗೆಯನ್ನು ಮತ್ತೆ ಮಂಚದಡಿಗೆ ತಳ್ಳಲು ನರ್ಸಿಗೆ ಹೇಳಿದೆ, ಮಾಲೀಕನನ್ನು ಈಗಲೇ ಕೇಳು ಎಂದು ಮಗಳ ಕೈಗೆ ಫೋನು ಕೊಟ್ಟೆ. ಅವನು ಆಗಲಿ ಎಂದ. ಒಬ್ಬಳೇ ಆದರೆ ತೊಂದರೆಯಿಲ್ಲ, ಹೆಸರು ಹಾಕಿ ಎಂದ. ಮಗಳು ಅಲ್ಲೇ ಕುಳಿತು ಮೊಬೈಲಿನಲ್ಲಿ ಹೆಸರು ಸೇರಿಸಿದಳು.

ನಾನು ಸ್ಕ್ರೂಡ್ರೈವರ್ ತಂದು ಕಪಾಟಿನ ಬಾಗಿಲನ್ನೇ ಕಳಚಿ ಗೋಡೆಗೆ ಒರಗಿಸಿದೆ. ಮೊಮ್ಮಗಳು ನಕ್ಕಳು.

ಬೆಳಿಗ್ಗೆ ಆಫೀಸಿನವರು ಬಂದು ಕೋಣೆಗಳನ್ನು ನೋಡಿದರು, ದಾಖಲೆ ನೋಡಿದರು, ಪೈಪು ಸರಿಮಾಡಿಸಿದರು. ಕಪಾಟಿನಲ್ಲಿ ಸಾಲಾಗಿದ್ದ ಮನೆಮಂದಿಯ ಶೂಗಳ ಕಡೆ ಕಣ್ಣೂ ಹಾಯಿಸದೆ ಹೋದರು. ನರ್ಸು ಉಳಿದಳು. ಪೆಟ್ಟಿಗೆ ಮಂಚದ ಕೆಳಗಿದೆ.

ಆದರೂ ಆ ಮಾಲೀಕ ಅಷ್ಟು ಬೇಗ ಒಪ್ಪಿದ್ದೇಕೆ ಎಂಬುದು ನನಗಿನ್ನೂ ಬಗೆಹರಿದಿಲ್ಲ. ಕಪಾಟಿನ ಬಾಗಿಲನ್ನು ಎಸೆಯದೆ ಇಟ್ಟಿದ್ದೇನೆ.