ಒಂದು ಕೋಲು ಆಳ

ಮೊನ್ನೆ ಬೆಳಿಗ್ಗೆ ಮನೆ ಹಿಂದಿನ ಗುಡ್ಡೆಯ ಬೇಲಿಗೆ ಹೊಸ ಕಂಬ ಹಾಕಲು ಟ್ರ್ಯಾಕ್ಟರ್ ಬಂದಿತ್ತು. ಡೀಸೆಲ್ ಹೊಗೆಯೂ ಹಸಿ ಕೆಮ್ಮಣ್ಣಿನ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಚಹಾ ಕುಡಿಯುವುದನ್ನೇ ಬಿಟ್ಟೆ. ಎಂಬತ್ತರ ಹತ್ತಿರದ ಮುದುಕನಿಗೆ ಮರೆವು ಹೇಗೂ ಇರುತ್ತದೆ ಎನ್ನುತ್ತೀರಿ. ಇದನ್ನು ಮಾತ್ರ ಮರೆತಿಲ್ಲ.

ಅರವತ್ತರ ದಶಕದ ಕೊನೆಗೆ ಮರ್ಕಂಜದ ಈ ಮನೆಯಲ್ಲಿ ನನ್ನಂಥ ಬುದ್ಧಿವಂತ ಇನ್ನೊಬ್ಬನಿರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸು ಬೇರೆ. ಅಪ್ಪನಿಗೆ ಏನೂ ಗೊತ್ತಿಲ್ಲವೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ದನಗಳು ಗುಡ್ಡೆಯ ಮರಗೆಣಸು ತಿಂದು ಮುಗಿಸುತ್ತಿದ್ದವು, ಬೇಲಿ ಬೇಕಿತ್ತು. ಅಪ್ಪನ ಪ್ರಕಾರ ಕಂಬದ ಗುಂಡಿಗೆ ಬೇಕಾದದ್ದು ಒಂದು ಹಾರೆ, ಒಂದು ತೆಂಗಿನ ಗೆರಟೆ. ಹಾರೆಯಲ್ಲಿ ಕುಟ್ಟುವುದು, ಬೋರಲು ಮಲಗಿ ಗೆರಟೆಯಲ್ಲಿ ಮಣ್ಣು ಬಾಚುವುದು. ಸಂಜೆಗೆ ನಮಗೆ ಸೊಂಟವೇ ಇರುತ್ತಿರಲಿಲ್ಲ. ಅಷ್ಟರಲ್ಲಿ ಕುಂಬ್ರದಲ್ಲಿ ನಾನೊಂದು ಟ್ರ್ಯಾಕ್ಟರ್ ಕಂಡೆ, ಹಿಂಬದಿಗೆ ನೆಲ ಕೊರೆಯುವ ಆಳೆತ್ತರದ ಬೈರಿಗೆ ಕಟ್ಟಿಕೊಂಡದ್ದು. ಕೂಡಲೇ ಮನೆಗೆ ಬಂದು ಹೇಳಿದೆ.

"ಅದು ನಮ್ಮ ಗುಡ್ಡೆಗೆ ಆಗ್ಲಿಕ್ಕಿಲ್ಲ," ಎಂದರು ಅಪ್ಪ.

"ನಿಮಗೆ ಎಂತ ಗೊತ್ತುಂಟು?" ಎಂದುಬಿಟ್ಟೆ.

ಅಪ್ಪ ಹೆಗಲ ಬೈರಾಸು ಕೊಡವಿ ಎದ್ದುಹೋದರು. ಮೂರನೇ ದಿನ ನಾನೇ ಹೋಗಿ ಟ್ರ್ಯಾಕ್ಟರಿಗೆ ಹೇಳಿ ಬಂದೆ.

ಅರೆ, ಸುರಂಗದ ವಿಷಯ ಹೇಳಲು ಮರೆತೆ. ಅಪ್ಪ ಪ್ರಾಯದಲ್ಲಿ ಆ ಗುಡ್ಡೆಯ ಹೊಟ್ಟೆಯನ್ನು ಅಡ್ಡಕ್ಕೆ ಕೊರೆದು ನೀರು ತಂದಿದ್ದರು. ಬಗ್ಗಿ ಹೋಗುವಷ್ಟು ಎತ್ತರ, ಕೊನೆಯಲ್ಲಿ ಒರತೆ. ನಾವು ಕುಡಿಯುವುದು ಅದೇ ನೀರು, ಅಡಿಕೆಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ಅಂಗಳಕ್ಕೆ ಬರುತ್ತಿತ್ತು. ಬಾಯಿಯ ಹತ್ತಿರ ಸುರಂಗದ ಮಾಡು, ಅಂದರೆ ಅದರ ಛಾವಣಿ, ಮೇಲಿನ ನೆಲದಿಂದ ಒಂದೂವರೆ ಕೋಲು ಕೆಳಗೆ. ನಮ್ಮಲ್ಲಿ ಬಾವಿ, ಸುರಂಗಗಳ ಅಳತೆಯೆಲ್ಲ ಕೋಲಿನಲ್ಲೇ. ಒಂದು ಕೋಲೆಂದರೆ ಎರಡೂವರೆ ಅಡಿಗೆ ಸ್ವಲ್ಪ ಕಡಿಮೆ. ಗುಂಡಿ ಒಂದೇ ಕೋಲು ತಾನೇ, ತೊಂದರೆಯಿಲ್ಲ ಎಂದು ನಾನು ಧೈರ್ಯದಲ್ಲಿದ್ದೆ.

ಟ್ರ್ಯಾಕ್ಟರಿನವನು ಘಟ್ಟದ ಮೇಲಿನವನು. "ಎಷ್ಟ್ ಆಳ ಬುದ್ಧಿ?" ಎಂದ.

"ಒಂದು ಕೋಲು."

ಅವನು ಸೀಟಿನಡಿಯಿಂದ ಅಳತೆಗೆಂದು ಇಟ್ಟುಕೊಂಡಿದ್ದ ದೊಣ್ಣೆ ಎಳೆದ. ಅವನ ಕೋಲು ಅದು. ನಾಲ್ಕು ಅಡಿ ಉದ್ದ! ನಾನು ನೋಡಿದೆ, ಯೋಚಿಸಲಿಲ್ಲ. ನಾಲ್ಕು ಗುಂಡಿ ಗಿರ್ರನೆ ಆದವು. ಆಳ ನೋಡಬೇಕಾದವನು ನಾನು, ಅಪ್ಪ ಎಲ್ಲಿಂದಾದರೂ ಇದನ್ನು ನೋಡುತ್ತಿದ್ದಾರೋ ಎಂದು ಅತ್ತಿತ್ತ ನೋಡುತ್ತಿದ್ದೆ.

ಐದನೆಯದು ಸುರಂಗದ ಮೇಲೆ. ಬೈರಿಗೆ ಇಳಿಯಿತು, ಇಳಿಯಿತು, ಫಕ್ಕನೆ ಭಾರವೇ ಇಲ್ಲದ ಹಾಗೆ ತಿರುಗಿತು.

"ಇದೇನ್ ಬುದ್ಧಿ, ಕೆಳಗೆ ಟೊಳ್ಳು!"

ಅಮ್ಮ ಅಂಗಳದಿಂದ ಕಿರುಚಿದಳು: "ನಿಲ್ಸಿ ಮಾರಾಯ್ರೆ, ನಿಲ್ಸಿ! ಅಪ್ಪ ಸುರಂಗದ ಒಳಗೆ ಇದ್ದಾರೆ!"

ಅಯ್ಯೋ ದೇವರೇ! ಓಡಿದೆನೋ ಉರುಳಿದೆನೋ, ಸುರಂಗದ ಬಾಯಿಗೆ ಬಂದು ಬಿದ್ದೆ. ದಂಬೆಯಲ್ಲಿ ನೀರು ಕೆಂಪಗೆ ಬರುತ್ತಿತ್ತು. ಕೆಮ್ಮಣ್ಣು ಕಲಸಿದ ನೀರು ಎಂದು ಇವತ್ತು ಹೇಳಬಲ್ಲೆ. ಆಗ ನನಗೆ ಅದು ಮಣ್ಣೆಂದು ಕಾಣಲಿಲ್ಲ. ಅಪ್ಪಾ ಎಂದು ಕರೆಯಲು ಹೋದರೆ ಸ್ವರವೇ ಹೊರಡಲಿಲ್ಲ.

ಒಳಗಿಂದ ಕೆಮ್ಮು ಕೇಳಿತು. ಸ್ವಲ್ಪ ಹೊತ್ತಿಗೆ ಅಪ್ಪ ಅಂಬೆಗಾಲಿಟ್ಟು ಹೊರಗೆ ಬಂದರು, ಮೈಯೆಲ್ಲ ಮಣ್ಣು. ಬೈರಿಗೆ ಅವರ ಬೆನ್ನಿನಿಂದ ಒಂದು ಗೇಣು ಆಚೆ ಇಳಿದಿತ್ತಂತೆ.

"ಎಷ್ಟು ಆಳ ಹೇಳಿದ್ದಿ?"

"ಒಂದು ಕೋಲು."

ಅಪ್ಪ ಟ್ರ್ಯಾಕ್ಟರಿನವನ ಕೈಯ ದೊಣ್ಣೆ ನೋಡಿದರು. "ಯಾರ ಕೋಲು?" ಎಂದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಸಿಟ್ಟು ಮಾಡಿಕೊಂಡು ಒಳಗೆ ಹೋಗಿ ಕೂತಿದ್ದರೆಂದೇ ನಾನು ತಿಳಿದದ್ದು. ಹೊಕ್ಕು ನೋಡಿದರೆ, ಮಾಡು ಕುಸಿಯದ ಹಾಗೆ ಆನಿಸಿ ನಿಲ್ಲಿಸಿದ ಮೂರು ಹೊಸ ಮರದ ಕಂಬಗಳು. ನಾಲ್ಕನೆಯದು ಕೆಳಗೆ ಬಿದ್ದಿತ್ತು.

"ಟ್ರ್ಯಾಕ್ಟರಿನ ಭಾರಕ್ಕೆ ಕುಸಿದ್ರೆ? ಮೇಲೆ ನೀನು ಇದ್ದಿಯಲ್ಲ," ಎಂದರು ಅಪ್ಪ, ಕಿವಿಯ ಮಣ್ಣು ತೆಗೆಯುತ್ತ.

"ಮೊದಲೇ ಹೇಳ್ಬಾರ್ದಿತ್ತಾ ಅಪ್ಪ?"

"ನನಗೆ ಎಂತ ಗೊತ್ತುಂಟು ಮಾರಾಯ?"

ಅಪ್ಪ ಹೋಗಿ ಬಹಳ ಕಾಲವಾಯಿತು. ಮೊನ್ನೆ ಲೋಟ ಕೆಳಗಿಟ್ಟು ಮೊದಲು ಸುರಂಗದ ಬಾಯಿಗೆ ಹೋದೆ. ಒಳಗೆ ಯಾರೂ ಇಲ್ಲವೆಂದು ಗೊತ್ತು. ಆದರೂ ಬಗ್ಗಿ, "ಅಪ್ಪಾ" ಎಂದು ಕರೆದೆ. ಈ ಸಲ ಸ್ವರ ಹೊರಟಿತು. ನೀರು ತಿಳಿಯಾಗಿಯೇ ಬರುತ್ತಿತ್ತು.

ಆಮೇಲೆ ಗುಡ್ಡೆ ಹತ್ತಿದೆ.

"ಎಷ್ಟು ಆಳ ಮಾಡುದು ಅಜ್ಜ?" ಎಂದ ಈಗಿನ ಟ್ರ್ಯಾಕ್ಟರಿನವನು.

"ನನಗೆ ಎಂತ ಗೊತ್ತುಂಟು ಮಾರಾಯ?" ಎಂದೆ. "ಮೊದಲು ನಿನ್ನ ಕೋಲು ತೋರಿಸು."